ಹಿತ್ತಲಿನ ಗಿರಾಕಿಗಳು

“ಬರೆದಿಟ್ಕೋ. ಇನ್ನು ಆರು ತಿಂಗಳಲ್ಲಿ ಈ ಊರಿನ ಜೇನ್ನೊಣಗಳಿಗೆಲ್ಲ ನಮ್ಮ ಹಿತ್ತಲಿನ ವಿಳಾಸ ಬಾಯಿಪಾಠ ಆಗಿರುತ್ತೆ.”

ಗಜಕಡ್ಡಿ ಸಾಹುಕಾರರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಬರೆದಿಟ್ಟುಕೊಳ್ಳಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ಯಾರದೋ ಅಂಗಿಯ ತೋಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತವರು ಬೇರೇನು ತಾನೇ ಮಾಡಿಯಾರು? ಸಾಹುಕಾರರು ಆ ಮೌನವನ್ನು ಒಪ್ಪಿಗೆ ಎಂದೇ ತಿಳಿದರು. ಇಪ್ಪತ್ತಾರು ವರ್ಷ ಪರದೆ ಬಟ್ಟೆ ಮಾರಿದ ಅನುಭವ ಅವರದು. ಗಿರಾಕಿ ಬಾಯಿ ಮುಚ್ಚಿದ ಎಂದರೆ ತಕ್ಷಣ ಬಟ್ಟೆಗೆ ಕತ್ತರಿ ಹಾಕಿಬಿಡಬೇಕು.

ಸಾಹುಕಾರರ ಅಂಗಡಿ ಪೇಟೆಯ ತಿರುವಿನಲ್ಲಿದೆ. ಕಿಟಕಿ ಪರದೆ, ಸೋಫಾ ಬಟ್ಟೆ, ಸೊಳ್ಳೆಪರದೆ, ಎಲ್ಲವೂ ಅಲ್ಲಿ ಸಿಗುತ್ತದೆ. ಮನುಷ್ಯ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅಗಲ ಮಾತ್ರ ಇಲ್ಲವೇ ಇಲ್ಲ. ಕೈಯಲ್ಲಿ ಸದಾ ಬಟ್ಟೆ ಅಳೆಯುವ ಉಕ್ಕಿನ ಕಡ್ಡಿ. ಎರಡರಲ್ಲಿ ಯಾವುದು ಯಾವುದನ್ನು ಹಿಡಿದುಕೊಂಡಿದೆ ಎಂದು ದೂರದಿಂದ ಹೇಳುವುದು ಕಷ್ಟವಾದ್ದರಿಂದ ಪೇಟೆಯವರು ಆ ಹೆಸರಿಟ್ಟಿದ್ದರು.

ಅವರ ತಲೆಗೆ ಜೇನ್ನೊಣ ಬಿಟ್ಟವರು ಹಿತ್ತಲಿನಾಚೆ ಮನೆಯ ಚಿಟ್ಟೆ ಮೇಡಂ. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ಈಕೆ, ರಸ್ತೆ ದಾಟುವಾಗ ಬಸ್ಸನ್ನು ನೋಡದಿದ್ದರೂ ಚಿಟ್ಟೆಯನ್ನು ನೋಡಿಯೇ ದಾಟುವವರು. ಪರದೆ ಕೊಳ್ಳಲು ಬಂದವರು ಹೇಳಿದ್ದು ಇಷ್ಟು: “ಜೇನು, ದುಂಬಿ, ಚಿಟ್ಟೆ ಎಲ್ಲಾ ಕಮ್ಮಿ ಆಗ್ತಿವೆ ಅಣ್ಣ. ಮನೆ ಮುಂದೆಲ್ಲ ಸಿಮೆಂಟು. ಇಲ್ಲಾಂದ್ರೆ ಎಲ್ಲಿಂದಲೋ ತಂದ ಅಲಂಕಾರದ ಗಿಡ. ನೋಡೋಕೆ ಚೆಂದ, ಒಳಗೆ ತೊಟ್ಟು ಮಕರಂದ ಇರಲ್ಲ. ಅವಕ್ಕೆ ಬೇಕಾಗಿರೋದು ಈ ಮಣ್ಣಲ್ಲೇ ಹುಟ್ಟಿದ ಕಾಡುಹೂವು.”

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದರು. ಸಾಹುಕಾರರ ಕಿವಿ ನೆಟ್ಟಗಾಯಿತು. ಊರ ತುಂಬ ಹಸಿದ ಗಿರಾಕಿಗಳಿದ್ದಾರೆ, ಒಂದೇ ಒಂದು ಅಂಗಡಿ ಇಲ್ಲ! ಇಂಥ ಸುದ್ದಿ ಕೇಳಿಯೂ ಕೈಕಟ್ಟಿ ಕೂತರೆ ವ್ಯಾಪಾರಿಯ ಜನ್ಮ ಯಾತಕ್ಕೆ?

ಗುಂಡುಸೂಜಿಗಳು ಬಾಯಿಂದ ಹೊರಗೆ ಬಂದ ಮೇಲೆ ಹೆಂಡತಿ ಕೇಳಿದರು: “ಹಿತ್ತಲು ನನಗೆ ಬೇಕು ಅಂತ ಹೋದ ತಿಂಗಳೇ ಹೇಳಿದ್ನಲ್ಲ?”

“ಹೇಳಿದ್ದೆ. ಕೇಳಿಸ್ಕೊಂಡಿದ್ದೆ.”

“ಕೇಳಿಸ್ಕೊಂಡು?”

“ಕೇಳಿಸ್ಕೊಂಡು ಸುಮ್ಮನಿದ್ದೆ.”

ಆಕೆಯ ಕಷ್ಟ ಸುಳ್ಳಲ್ಲ. ನಡುಮನೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದರು. ನಾಲ್ಕು ಮಿಷನ್ನು, ಒಂಬತ್ತು ಜನ ಕಲಿಯುವವರು. ಇಬ್ಬರು ಮೆಟ್ಟಿಲ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದರು. ಆ ಮನೆಯಲ್ಲಿ ಊಟಕ್ಕೆ ಕೂರಬೇಕಾದರೆ ಮೊದಲು ಯಾರದಾದರೂ ಕಾಲರನ್ನು ಎತ್ತಿಡಬೇಕಿತ್ತು. ಹಿತ್ತಲಿನಲ್ಲಿ ಹದಿನಾಲ್ಕು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗ ಖಾಲಿ ಬಿದ್ದಿದೆ, ನಾಲ್ಕು ಗೋಡೆ ಎಬ್ಬಿಸಿ ಮೇಲೆ ತಗಡು ಹಾಕಿಸಿಕೊಟ್ಟರೆ ತರಗತಿ ಅಲ್ಲಿಗೆ ಹೋಗುತ್ತದೆ ಎಂಬುದು ಆಕೆಯ ಬೇಡಿಕೆ.

“ಸರಿ, ಒಂದು ಮಾತಿಗೆ ಬನ್ನಿ” ಎಂದರು ಹೆಂಡತಿ. “ಮಳೆ ನಿಂತ ಮೇಲೆ ಒಂದು ಭಾನುವಾರ ಗೊತ್ತು ಮಾಡೋಣ. ಹತ್ತರಿಂದ ಹನ್ನೊಂದು. ಆ ಒಂದು ಗಂಟೆಯಲ್ಲಿ ನಿಮ್ಮ ಹೂವಿನ ಗಿಡಕ್ಕೆ ಹತ್ತು ಜಾತಿ ಹುಳ ಬಂದರೆ ಹಿತ್ತಲು ನಿಮ್ಮದು. ನಾನು ಬಾಯಿ ಬಿಡಲ್ಲ. ಒಂಬತ್ತೇ ಬಂದ್ರೂ ನನ್ನ ಕೋಣೆ ಏಳುತ್ತೆ.”

“ಎಣಿಸೋರು ಯಾರು? ನೀನಾ?”

“ಚಿಟ್ಟೆ ಮೇಡಂ. ಆಸೆ ಹಚ್ಚಿದೋರು ಅವರೇ ತಾನೇ, ಎಣಿಸ್ಲಿ.”

“ಹತ್ತೇ ಸಾಕಾ? ಇಪ್ಪತ್ತು ಅನ್ನು” ಎಂದರು ಸಾಹುಕಾರರು, ಧಾರಾಳವಾಗಿ.

“ಹತ್ತು ಸಾಕು. ಹತ್ತಕ್ಕೇ ನಿಮ್ಮ ಉಸಿರು ಕಟ್ಟುತ್ತೆ.”

ಮರುದಿನವೇ ಕೆಲಸ ಶುರುವಾಯಿತು. ಮೇಡಂ ಕೊಟ್ಟ ಬೀಜ, ರಸ್ತೆಬದಿಯಲ್ಲಿ ತಾವೇ ಬಗ್ಗಿ ಆರಿಸಿದ ಬೀಜ, ಎಲ್ಲವನ್ನೂ ಸಾಹುಕಾರರು ಬಿತ್ತಿದರು. ಕಾಡುಹೂವನ್ನು ಹೇಗೆ ಬೇಕಾದರೂ ಎರಚಬಹುದು ಎಂದು ಮೇಡಂ ಹೇಳಿದ್ದರು. ಎರಚುವುದೆಂದರೇನು? ಅಂಗಡಿ ಎಂದ ಮೇಲೆ ಅದಕ್ಕೊಂದು ಜೋಡಣೆ ಬೇಡವೇ? ಎಡಗಡೆ ಬಿಳಿ ತುಂಬೆ, ನಡುವೆ ಹಳದಿ ತಗಚೆ, ಬಲಗಡೆ ಗೋಡೆಗೆ ನೀಲಿ ಶಂಖಪುಷ್ಪದ ಬಳ್ಳಿ, ಹೀಗೆ ತಿಳಿಬಣ್ಣದಿಂದ ಗಾಢಬಣ್ಣಕ್ಕೆ ಸಾಲು ಹಿಡಿಸಿದರು. ಪ್ರತಿ ಸಾಲಿನ ತುದಿಗೂ ಒಂದು ಕೋಲು, ಕೋಲಿಗೆ ಅದೇ ಬಣ್ಣದ ಬಟ್ಟೆಯ ತುಂಡು.

ಗಿಡಗಳು ಮೊಣಕಾಲೆತ್ತರ ಬಂದಾಗ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಗೋಡೆಯ ಮೇಲಿಂದ ಇಣುಕಿ, “ಕಳೆ ಕೀಳೋಕೆ ಒಬ್ಬ ಆಳಿದ್ದಾನೆ, ಕಳಿಸ್ಲಾ ಸಾಹುಕಾರ್ರೇ?” ಎಂದು ಕೇಳಿದರು. ಸಾಹುಕಾರರು ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡರು. ಮಖಮಲ್ಲು ಯಾವುದು, ಗೋಣಿತಾಟು ಯಾವುದು ಎಂದು ತಿಳಿಯದವರು ಅವರ ಅಂಗಡಿಗೂ ಬಂದುಹೋಗುತ್ತಿದ್ದರು.

ಹೂವು ಬಿಟ್ಟಿತು. ಗಿರಾಕಿಗಳೂ ಬಂದರು. ಮೊದಲ ಜೇನ್ನೊಣ ತುಂಬೆಯ ಮೇಲೆ ಕೂತಾಗ ಸಾಹುಕಾರರ ಬಾಯಿಂದ ಅಭ್ಯಾಸಬಲದಿಂದ “ಬನ್ನಿ, ಬನ್ನಿ, ಒಳಗೆ ಇನ್ನೂ ಇದೆ” ಎಂಬ ಮಾತು ಹೊರಟೇಬಿಟ್ಟಿತು. ಆಮೇಲೆ ಕರಿದುಂಬಿ, ಹಳದಿ ಚಿಟ್ಟೆ, ಪಟ್ಟೆಪಟ್ಟೆಯ ನೊಣ. ಒಂದು ರಜೆಯ ದಿನ ಬಿಸಿಲೇರಿದ ಮೇಲೆ ಅರ್ಧ ಗಂಟೆ ನಿಂತು ಅವರೇ ಎಣಿಸಿದರು: ಎಂಟು ಜಾತಿ. ಗೊತ್ತು ಮಾಡಿದ ಭಾನುವಾರಕ್ಕೆ ಇನ್ನೂ ಮೂರೂವರೆ ವಾರ ಬಾಕಿ. ಮನೆಯೊಳಗೆ ಹೋಗುವಾಗ ಅವರ ನಡಿಗೆಯೇ ಬೇರೆಯಾಗಿತ್ತು. ಹೆಂಡತಿಯ ಮಿಷನ್ನಿನ ಪಕ್ಕದಲ್ಲಿ ನಿಂತು, “ಕೋಣೆಗೆ ಇಟ್ಟಿಗೆ ಗಿಟ್ಟಿಗೆ ಹೇಳಿಬಿಟ್ಟೀಯ, ಪಾಪ, ವಾಪಸ್ ತಗೊಳಲ್ಲ ಅವರು” ಎಂದು ಕಾಳಜಿ ತೋರಿಸಿದರು.

ಮಾರನೆಯ ದಿನ ಬೆಳಿಗ್ಗೆ ಅನಾಹುತ ಕಣ್ಣಿಗೆ ಬಿತ್ತು.

ಶಂಖಪುಷ್ಪದ ಐದಾರು ಎಲೆಗಳ ಅಂಚು ಮಾಯವಾಗಿತ್ತು. ಹರಿದದ್ದಲ್ಲ, ಕೊರೆದದ್ದಲ್ಲ. ಅರ್ಧಚಂದ್ರಾಕಾರದ ಅಚ್ಚುಕಟ್ಟಾದ ತುಂಡು, ಕತ್ತರಿಸಿ ತೆಗೆದಂತೆ ಹೋಗಿತ್ತು. ಸಾಹುಕಾರರು ಒಂದು ಎಲೆ ಕಿತ್ತು ಕನ್ನಡಕದ ಹತ್ತಿರ ಹಿಡಿದರು. ಬೇರೆಯವರಾಗಿದ್ದರೆ ಯಾವುದೋ ಹುಳ ತಿಂದಿದೆ ಎಂದುಬಿಡುತ್ತಿದ್ದರು. ಆದರೆ ಹುಳ ತಿಂದ ಜಾಗ ಹೇಗಿರುತ್ತದೆಂದು ಬಟ್ಟೆ ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಳಕ್ಕೆ ಅಂಚು ಎಂಬುದು ತಿಳಿಯದು. ಇಲ್ಲಿ ಅಂಚಿತ್ತು. ಒಂದು ಎಳೆಯೂ ಹೊರಗೆ ಬಂದಿರಲಿಲ್ಲ. ಇದು ಕತ್ತರಿ. ಸಾಣೆ ಹಿಡಿದ ಕತ್ತರಿ. ಹಿಡಿದ ಕೈ ಇಪ್ಪತ್ತು ವರ್ಷ ಪಳಗಿದ್ದು.

ಅಂಥ ಕೈ ಆ ಮನೆಯಲ್ಲಿ ಒಂದು ಜೊತೆ ಮಾತ್ರ ಇತ್ತು.

“ಯಾಕೆ ಕತ್ತರಿಸಿದೆ?” ಎಂದು ಸಾಹುಕಾರರು ಎಲೆಯನ್ನು ಹೆಂಡತಿಯ ಮುಂದೆ ಹಿಡಿದರು.

ಹೆಂಡತಿ ಎಲೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. “ಚೆನ್ನಾಗಿದೆ. ಅಂಗಿ ಕಂಕುಳಿನ ತಿರುವು ಹೀಗೇ ಬರಬೇಕು. ನನ್ನ ಹುಡುಗೀರಿಗೆ ಎರಡು ತಿಂಗಳಾದ್ರೂ ಬಂದಿಲ್ಲ.”

“ಮಾತು ಹಾರಿಸ್ಬೇಡ. ಯಾಕೆ ಕತ್ತರಿಸಿದೆ ಅಂತ ಕೇಳ್ದೆ.”

“ನಾನು ಕತ್ತರಿಸೋದಾದ್ರೆ ಬುಡಕ್ಕೇ ಕತ್ತರಿಸ್ತೀನಿ. ಎಲೆಯಂಚಲ್ಲಿ ಆಟ ಆಡೋಷ್ಟು ಬಿಡುವು ನನಗೆಲ್ಲಿದೆ?”

ಇದು ಇಲ್ಲ ಎನ್ನುವ ಮಾತಲ್ಲ. ಸಾಹುಕಾರರು ಅದನ್ನು ಕೂಡಲೇ ಗಮನಿಸಿದರು. ಗಿಡಗಳನ್ನು ಬೋಳಿಸಿ, ಗಿರಾಕಿಗಳನ್ನು ಓಡಿಸಿ, ಹಿತ್ತಲು ಹೊಡೆದುಕೊಳ್ಳುವ ಹೂಟ! ಅಂದೇ ಮನೆಯಲ್ಲಿದ್ದ ಏಳು ಕತ್ತರಿಗಳನ್ನೂ, ಹಲ್ಲುಹಲ್ಲಾಗಿ ಕತ್ತರಿಸುವ ಒಂದು ಸೇರಿದಂತೆ, ಜಪ್ತಿ ಮಾಡಿ ಅಂಗಡಿಗೆ ಒಯ್ದು ಬೀಗ ಹಾಕಿದರು. ಹೆಂಡತಿ ಏಳನ್ನೂ ತಾವೇ ಬಟ್ಟೆಯಲ್ಲಿ ಸುತ್ತಿ, “ಜೋಪಾನ, ಕೈ ಕೊಯ್ದುಕೊಂಡೀರಿ” ಎಂದು ಕೊಟ್ಟರು. ಆ ವಾರವೆಲ್ಲ ತರಗತಿಯಲ್ಲಿ ಕತ್ತರಿ ಬೇಡದ, ಗುಂಡಿ ಹೊಲಿಯುವ ಪಾಠ ನಡೆಯಿತು.

ಎರಡು ದಿನ ಕಳೆಯುವಷ್ಟರಲ್ಲಿ ಇನ್ನೂ ಹನ್ನೊಂದು ಎಲೆ ಹೋಗಿತ್ತು.

ಎಂಟನೆಯ ಕತ್ತರಿಯೊಂದು ಎಲ್ಲೋ ಇದೆ ಎಂಬುದು ಸ್ಪಷ್ಟವಾಯಿತು. ಆದರೂ ಸಾಹುಕಾರರು ನ್ಯಾಯವಂತರು. ತಜ್ಞರ ಅಭಿಪ್ರಾಯವಿಲ್ಲದೆ ಶಿಕ್ಷೆ ಕೊಡುವವರಲ್ಲ. ಒಂದು ಎಲೆಯನ್ನು ಚೀಟಿಪುಸ್ತಕದ ನಡುವೆ ಇಟ್ಟುಕೊಂಡು ಅಂಗಡಿಯ ಕತ್ತರಿ ಮಾಸ್ತರರ ಮುಂದೆ ಇಟ್ಟರು. ನಲವತ್ತು ವರ್ಷದಿಂದ ಪರದೆ ಕತ್ತರಿಸುತ್ತಿದ್ದ ಮಾಸ್ತರರು ಉಗುರಿನಿಂದ ಅಂಚನ್ನು ಸವರಿದರು.

“ಒಂದೇ ಏಟಿಗೆ ಕತ್ತರಿಸಿರೋದು” ಎಂದರು. “ಎಲ್ಲೂ ಕೈ ಎತ್ತಿಲ್ಲ. ಸೀಮೆಸುಣ್ಣದ ಗುರುತೂ ಹಾಕ್ಕೊಂಡಿಲ್ಲ. ಯಾರಿದು?”

“ಮನೇಲಿ.”

“ಅಮ್ಮಾವ್ರಾ? ನಾನು ಅಂದ್ಕೊಂಡಿದ್ದಕ್ಕಿಂತ ಜೋರಿದ್ದಾರೆ ಬಿಡಿ. ನನ್ನ ಕಣ್ಣು ಮಂಜಾಗ್ತಾ ಇದೆ ಸಾಹುಕಾರ್ರೇ, ಅವರನ್ನೇ ಇಲ್ಲಿ ಕೂರಿಸ್ಕೊಳ್ಳಿ.”

ಸಾಹುಕಾರರಿಗೆ ಇನ್ನೇನು ಬೇಕು? ಅಂಗಡಿಯಿಂದ ಒಂದಿಡೀ ಸುತ್ತು ಸೊಳ್ಳೆಪರದೆಯ ಬಟ್ಟೆ ಮನೆಗೆ ಬಂತು. ಹಿತ್ತಲಿನ ಗಿಡಗಳಿಗೆಲ್ಲ ಸೇರಿ ಒಂದು ಭಾರೀ ಪರದೆ, ಮುಂದೆ ಜಿಪ್ಪು, ಜಿಪ್ಪಿಗೆ ಪುಟ್ಟ ಬೀಗ. ಯೋಜನೆ ಅಮೋಘವಾಗಿತ್ತು. ಒಂದೇ ತೊಡಕು, ಅದನ್ನು ಹೊಲಿಯಬೇಕಿತ್ತು.

ಸಾಹುಕಾರರು ಬಟ್ಟೆಯ ಸುತ್ತು ಹೊತ್ತು ಹೆಂಡತಿಯ ಮಿಷನ್ನಿನ ಮುಂದೆ ಬಂದು ನಿಂತರು.

“ಏನು?” ಎಂದರು ಹೆಂಡತಿ.

“ಒಂದು ಹೊಲಿಗೆ ಇತ್ತು.”

“ಏನು ಹೊಲಿಗೆ?”

“ಗಿಡಕ್ಕೆ ಪರದೆ. ಯಾರೂ ಕೈ ಹಾಕದ ಹಾಗೆ.”

“ಯಾರೂ ಅಂದ್ರೆ ನಾನು ತಾನೇ?”

“ಯಾರೂ ಅಂದ್ರೆ ಯಾರೂ. ಸೂಜಿ ತೂರೋಷ್ಟೂ ಸಂದಿ ಇರಬಾರದು.”

“ಆಯ್ತು. ಕತ್ತರಿ ತಂದುಕೊಡಿ.”

ಒಂದು ಕತ್ತರಿಯನ್ನು ಬಿಡುಗಡೆ ಮಾಡಲಾಯಿತು. ಸಾಹುಕಾರರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕೂತರು. ಹೆಂಡತಿ ಜೋಡಿ ಹೊಲಿಗೆ ಹಾಕಿ, ಮೂಲೆಮೂಲೆಗೂ ಪಟ್ಟಿ ಕೊಟ್ಟು, ಸೂಜಿ ಹಾಗಿರಲಿ, ಸೂಜಿಯ ನೆರಳೂ ತೂರದ ಹಾಗೆ ಹೊಲಿದುಕೊಟ್ಟರು. ಪರದೆ ಏರಿಸಿದ ಮೇಲೆ ಹಿತ್ತಲು ಯಾರೋ ಮಹಾರಾಜರು ಮಲಗಿರುವ ಮಂಚದಂತೆ ಕಂಡಿತು.

“ರೀ, ನಿಮ್ಮ ಗಿರಾಕಿಗಳು ಹೇಗೆ ಒಳಗೆ ಬರ್ತಾರೆ?” ಎಂದು ಹೆಂಡತಿ ಕೇಳಿಯೇ ಕೇಳಿದರು.

“ಮೂರೇ ವಾರ ತಾನೇ. ಬೆಳಿಗ್ಗೆ ನಾನು ಹೋಗೋವರೆಗೂ ತೆರೆದಿರುತ್ತೆ, ಸಂಜೆ ಬಂದು ತೆರೀತೀನಿ. ಮೊದಲು ಸರಕು ಉಳೀಬೇಕು. ಆ ಭಾನುವಾರ ಭರ್ಜರಿ ಆರಂಭೋತ್ಸವ.”

ಬೆಳಿಗ್ಗೆ ಎಂಟಕ್ಕೆ ಅವರು ಜಿಪ್ಪು ಎಳೆದು ಬೀಗ ಹಾಕಿ ಹೊರಟರೆ, ಬಿಸಿಲೇರಿ ಹುಳಗಳು ಬರುವ ಹೊತ್ತಿಗೆ ಅಂಗಡಿ ಮುಚ್ಚಿರುತ್ತಿತ್ತು. ಅವು ಪರದೆಗೆ ಡಿಕ್ಕಿ ಹೊಡೆದು, ಅದರ ಮೇಲೆಲ್ಲ ಓಡಾಡಿ, ಒಳಗಿನ ಹೂವನ್ನು ಇಣುಕಿ ನೋಡಿ ಹೋಗುತ್ತಿದ್ದವು. ಕೆಲವು ಮೂರು ದಿನ ಬಂದವು, ಕೆಲವು ನಾಲ್ಕು ದಿನ. ಆಮೇಲೆ ಬೇರೆ ಬೀದಿ ಹಿಡಿದವು. ಸಂಜೆ ಏಳಕ್ಕೆ ಸಾಹುಕಾರರು ಬೀಗ ತೆರೆಯುವ ಹೊತ್ತಿಗೆ ಹೂವುಗಳೂ ಮುದುಡಿಕೊಂಡಿರುತ್ತಿದ್ದವು.

ಇದರ ಕಡೆ ಸಾಹುಕಾರರ ಗಮನ ಹೋಗಲಿಲ್ಲ. ಅವರು ನೋಡುತ್ತಿದ್ದುದು ಎಲೆಗಳನ್ನು. ಪರದೆ ಏರಿದ ದಿನದಿಂದ ಒಂದೇ ಒಂದು ಎಲೆ ಹೋಗಿರಲಿಲ್ಲ.

“ನೋಡಿದ್ಯಾ?” ಎಂದರು ಹೆಂಡತಿಗೆ, ಕೇಸು ಗೆದ್ದ ವಕೀಲರ ಧಾಟಿಯಲ್ಲಿ. “ಪರದೆ ಬಿತ್ತು, ಕತ್ತರಿ ನಿಂತಿತು. ಇನ್ನೂ ಏನಾದ್ರೂ ಹೇಳೋದಿದ್ಯಾ?”

“ಏನೂ ಇಲ್ಲ” ಎಂದರು ಹೆಂಡತಿ, ಮಿಷನ್ನು ತುಳಿಯುತ್ತ.

ಭಾನುವಾರ ಬಂತು. ಒಂಬತ್ತೂವರೆಗೆ ಸಾಹುಕಾರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಾಟಕದ ಅಂಕಪರದೆ ಸರಿಸುವವರಂತೆ ಸೊಳ್ಳೆಪರದೆಯನ್ನು ಎರಡೂ ಕೈಯಿಂದ ಎಳೆದು ತೆಗೆದರು. ಮೂರು ಕುರ್ಚಿ ಹಾಕಿತ್ತು. ಚಿಟ್ಟೆ ಮೇಡಂ ಪುಸ್ತಕ ಬಿಚ್ಚಿಕೊಂಡು ನಡುವೆ ಕೂತರು. ಹೆಂಡತಿ ಕಾಫಿ ಲೋಟ ಹಿಡಿದು ಈ ಪಕ್ಕ, ಸಾಹುಕಾರರು ಆ ಪಕ್ಕ.

ಹತ್ತು ಹೊಡೆಯಿತು. ಹೂವುಗಳು ಅರಳಿ ನಿಂತಿದ್ದವು. ಎಲೆಗಳು ಫಳಫಳ ಹೊಳೆಯುತ್ತಿದ್ದವು. ಯಾರೂ ಬರಲಿಲ್ಲ.

ಹತ್ತೂ ಹತ್ತಕ್ಕೆ ಒಂದು ನೊಣ ಬಂತು. “ಒಂದು” ಎಂದು ಮೇಡಂ ಬರೆದುಕೊಂಡರು.

“ಇರುವೆ ಸಾಲೇ ಇದೆಯಲ್ಲ ಮೇಡಂ, ಅಲ್ಲಿ, ತಗಚೆ ಕೆಳಗೆ.”

“ಇರುವೆ ಬೇಡ ಅಣ್ಣ. ಅವು ಮಕರಂದ ಕದ್ದು ಹೋಗ್ತವೆ ಅಷ್ಟೆ, ಪರಾಗ ಹೊರಲ್ಲ.”

ಒಂದು ಬಿಳಿ ಚಿಟ್ಟೆ ಗೋಡೆ ದಾಟಿ ಬಂತು. ತುಂಬೆಯನ್ನು ಮುಟ್ಟಿದಂತೆ ಮಾಡಿ ಮುಂದೆ ಹೋಯಿತು. ವಿಚಾರಿಸಿ ಹೋದ ಗಿರಾಕಿಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಐದು ನಿಮಿಷ ಚರ್ಚೆಯಾಯಿತು. ಮೇಡಂ ಕರುಣೆಯಿಂದ ಬರೆದುಕೊಂಡರು. ಆಮೇಲೆ ಒಂದು ಜೀರುಂಡೆ, ಒಂದು ಸಣ್ಣ ಜೇನ್ನೊಣ. ಹತ್ತೂ ಮುಕ್ಕಾಲಕ್ಕೆ ನಾಲ್ಕು.

“ಭಾನುವಾರ ಅಲ್ವಾ, ರಜೆ ಇರಬೇಕು” ಎಂದರು ಸಾಹುಕಾರರು. ನಗು ಅರ್ಧಕ್ಕೇ ನಿಂತಿತು.

“ಅವಕ್ಕೆ ರಜೆ ಇಲ್ಲ ಅಣ್ಣ. ಏನಾಯ್ತು ಅಂತ? ಹೋದ ತಿಂಗಳು ನಮ್ಮ ಮಹಡಿಯಿಂದ ನೋಡಿದಾಗ ಇಲ್ಲಿ ಸಂತೆ ನೆರೆದ ಹಾಗಿತ್ತು. ಆಮೇಲೆ ನೋಡಿದ್ರೆ ಪರದೆ ಕಟ್ಟಿದ್ರಿ. ಯಾಕೆ?”

“ಕಳ್ಳರ ಕಾಟ” ಎಂದು ಸಾಹುಕಾರರು ಹೆಂಡತಿಯ ಕಡೆ ಒಂದು ನೋಟ ಎಸೆದರು.

ಆಗಲೇ ಕಿವಿಯ ಪಕ್ಕದಲ್ಲಿ ಗುಂಯ್ ಎಂದಿತು. ಕಂದು ಬಣ್ಣದ, ಹೊಟ್ಟೆಯ ಕೆಳಗೆ ಕಿತ್ತಳೆ ಕೂದಲಿದ್ದ ಒಂದು ಪುಟ್ಟ ಜೀವ ಶಂಖಪುಷ್ಪದ ಎಲೆಯ ಅಂಚಿನ ಮೇಲೆ ಕುದುರೆ ಹತ್ತಿದಂತೆ ಕಾಲು ಚಾಚಿ ಕೂತಿತು. ತಲೆ ಬಗ್ಗಿಸಿತು. ಎಲೆಯ ಮೇಲೆ ಕಮಾನಿನಂತೆ ಒಂದು ಗೀಟು ಓಡುತ್ತ ಹೋಯಿತು. ನಾಲ್ಕೈದು ಎಣಿಸುವಷ್ಟರಲ್ಲಿ ಹಸಿರು ಅರ್ಧಚಂದ್ರವೊಂದು ಕಳಚಿಕೊಂಡಿತು. ಅದನ್ನು ಹೊಟ್ಟೆಯಡಿಗೆ ಮಡಿಸಿ ಹಿಡಿದು ಆ ಜೀವ ಗೋಡೆ ಹಾರಿ ಹೋಯಿತು.

ಸಾಹುಕಾರರು ಎಲೆಯನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಆಕೆಯ ಎರಡು ಕೈಗಳೂ ಕಾಫಿ ಲೋಟದ ಮೇಲಿದ್ದವು.

“ಐದು” ಎಂದರು ಮೇಡಂ ಹಿಗ್ಗಿನಿಂದ. “ಎಲೆ ಕತ್ತರಿಸೋ ಜೇನು. ಈ ಊರಿಂದೇ, ಎಲ್ಲಿಂದಲೂ ಬಂದದ್ದಲ್ಲ. ಆ ತುಂಡಲ್ಲಿ ಮೊಟ್ಟೆಗೆ ತೊಟ್ಟಿಲು ಕಟ್ಟುತ್ತೆ. ತೋಟದಲ್ಲಿ ಹೀಗೆ ಕತ್ತರಿಸಿದ ಎಲೆ ಸಿಕ್ಕಿದ್ರೆ ನಾವು ಕುಣಿದಾಡ್ತೀವಿ ಅಣ್ಣ. ಇದು ಮೊದಲು ಬಂದಿರಲಿಲ್ವಾ?”

“ಬಂದಿತ್ತು” ಎಂದರು ಹೆಂಡತಿ. “ಇವರಿಗೆ ಪರಿಚಯ ಇರಲಿಲ್ಲ.”

ಸಾಹುಕಾರರ ಮುಖ ಹುಳ್ಳಗಾಯಿತು. “ನಿನಗೆ ಗೊತ್ತಿತ್ತಾ?”

“ಮೊದಲನೇ ದಿನದಿಂದ. ನನ್ನ ಮಿಷನ್ನು ಹಿತ್ತಲ ಕಿಟಕಿ ಪಕ್ಕದಲ್ಲೇ ಅಲ್ವಾ ಇರೋದು.”

“ಮತ್ತೆ ಹೇಳ್ಬಾರ್ದಿತ್ತಾ?”

“ನೀವು ಕೇಳಿದ್ದು ಯಾಕೆ ಕತ್ತರಿಸಿದೆ ಅಂತ. ಯಾರು ಕತ್ತರಿಸಿದ್ರು ಅಂತ ಕೇಳ್ಲೇ ಇಲ್ಲ.”

ಹನ್ನೊಂದು ಹೊಡೆಯಿತು. ಐದು ಐದಾಗಿಯೇ ಉಳಿಯಿತು. ಮೇಡಂ ಪುಸ್ತಕ ಮುಚ್ಚಿ, ಯಾರ ಮುಖವನ್ನೂ ನೋಡದೆ ಚಿಟ್ಟೆ ಹುಡುಕುವವರಂತೆ ಆಕಾಶ ನೋಡಿದರು. ಹೆಂಡತಿ ಎದ್ದು ಕುತ್ತಿಗೆಯಲ್ಲಿದ್ದ ಅಳತೆ ಪಟ್ಟಿ ತೆಗೆದು ಗೋಡೆಗೆ ಹಿಡಿದರು. “ಬಾಗಿಲು ಈ ಕಡೆ ಬರ್ಲಿ. ಈ ಬಳ್ಳಿ ಇರೋ ಕಡೆ ಕಿಟಕಿ.”

ಅಷ್ಟರಲ್ಲಿ ಆ ಜೇನು ಮತ್ತೆ ಬಂತು. ಅದೇ ಬಳ್ಳಿಯ ಮೇಲೆ ಕೂತು, ಪಕ್ಕದ ಎಲೆಗೆ ಕೈಹಾಕಿತು. ಮೂರು ವಾರ ಬಾಗಿಲು ಮುಚ್ಚಿದರೂ ಬೇಸರಿಸದೆ ಬಂದ ಒಬ್ಬಳೇ ಗಿರಾಕಿ. ಅವಳ ಕಣ್ಣೆದುರಿಗೇ ಅಂಗಡಿ ಕೆಡವುವುದು ಯಾವ ವ್ಯಾಪಾರಿಯಿಂದ ಆದೀತು?

“ಸ್ವಲ್ಪ ನೋಡಿ ಹೇಳೇ” ಎಂದರು ಸಾಹುಕಾರರು ಮೆತ್ತಗೆ. ಆ ಮಾತನ್ನು ಅವರು ಇಪ್ಪತ್ತಾರು ವರ್ಷ ಗಿರಾಕಿಗಳ ಬಾಯಲ್ಲಿ ದಿನಾ ಕೇಳಿದ್ದರು. ಆಡಿದ್ದು ಇದೇ ಮೊದಲು.

“ಏನು ನೋಡೋದು?”

“ಹಿತ್ತಲು ಬಿಟ್ಟು ಬೇರೆ ಏನಾದ್ರೂ ಕೇಳು.”

“ಬೇರೆ ಏನಿದೆ ನಿಮ್ಮ ಹತ್ರ?”

ಇದ್ದದ್ದು ಒಂದೇ. ಮನೆಯ ಮುಂದಿನ ಕೋಣೆ. ಎರಡು ಕಿಟಕಿ, ಫ್ಯಾನು, ಬೀದಿಗೆ ತೆರೆಯುವ ಬಾಗಿಲು. ನೆಲದಿಂದ ಸೂರಿನವರೆಗೆ ಸಾಹುಕಾರರ ಮಾರಾಟವಾಗದ ಸರಕು: ನೇರಳೆ ಬಣ್ಣದ ಮೇಲೆ ಗಿಳಿ ಮುದ್ರಿಸಿದ್ದು, ಹಸಿರಿನ ಮೇಲೆ ಹಡಗಿದ್ದದ್ದು. ಇಂದಲ್ಲ ನಾಳೆ ಯಾರಾದರೂ ಹುಚ್ಚ ಬಂದು ಕೊಂಡಾನು ಎಂದು ಹದಿನೆಂಟು ವರ್ಷದಿಂದ ಕಾದಿದ್ದರು. ಆ ಕೋಣೆಯ ಬೀಗದ ಕೈ ಅವರ ಸೊಂಟದಿಂದ ಇಳಿದದ್ದನ್ನು ಕಂಡವರಿಲ್ಲ.

“ಮುಂದಿನ ಕೋಣೆ ಅರ್ಧ ಖಾಲಿ ಮಾಡ್ಕೊಡ್ತೀನಿ.”

“ಅರ್ಧ ಕೋಣೇಲಿ ಅರ್ಧ ಅಂಗಿ ಹೊಲಿಸ್ಲಾ?”

“ಪೂರ್ತಿ ತಗೋ.”

“ಕಪಾಟು?”

“ಕಪಾಟೂ.”

“ಯಾವಾಗ?”

“ಮುಂದಿನ ವಾರ…”

ಹೆಂಡತಿ ಅಳತೆ ಪಟ್ಟಿಯನ್ನು ಬಳ್ಳಿಯ ಬುಡದ ಹತ್ತಿರ ಇನ್ನೊಂದು ಅಡಿ ಎಳೆದರು.

“ಇವತ್ತೇ” ಎಂದರು ಸಾಹುಕಾರರು.

ಬೀಗದ ಕೈ ಸೊಂಟದಿಂದ ಇಳಿಯಿತು. ಅರ್ಧ ಗಂಟೆಯಲ್ಲಿ ಗಿಳಿಗಳು ಹೆಗಲೇರಿ ಮಹಡಿಯತ್ತ ಹೊರಟವು. ಬೆವರು ಸುರಿಯುತ್ತಿದ್ದರೂ ಸಾಹುಕಾರರ ಮನಸ್ಸು ಹಗುರವಾಗಿತ್ತು. ಸೋತ ಪಂದ್ಯದಲ್ಲೂ ಹಿತ್ತಲು ಉಳಿಸಿಕೊಂಡರಲ್ಲ. ಕೊಟ್ಟದ್ದು ಯಾರಿಗೂ ಬೇಡವಾದ ಒಂದು ಕೋಣೆ. ಒಳ್ಳೆಯ ವ್ಯಾಪಾರ! ನಾಲ್ಕನೆಯ ಸಲ ಕೋಣೆಗೆ ಮರಳುವಾಗ ಒಳಗಿನ ಮಾತು ಕಿವಿಗೆ ಬಿತ್ತು.

“ಪಾಪ ಅಕ್ಕ” ಎನ್ನುತ್ತಿದ್ದರು ಮೇಡಂ, “ಹೂವಿಗೋಸ್ಕರ ನಿಮ್ಮ ಹಿತ್ತಲಿನ ಕೋಣೆ ಆಸೇನೇ ಬಿಟ್ಟುಕೊಟ್ರಿ.”

“ಹಿತ್ತಲು ಯಾರಿಗೆ ಬೇಕಿತ್ತು ಮೇಡಂ? ತಗಡಿನ ಕೆಳಗೆ ಬೆಂದು ಹೋಗೋಕಾ? ನನಗೆ ಬೇಕಾಗಿದ್ದು ಮೊದಲಿಂದಲೂ ಇದೇ ಕೋಣೆ. ಇದನ್ನೇ ಕೇಳಿದ್ರೆ ಇವರು ಜನ್ಮದಲ್ಲಿ ಕೊಡ್ತಿರಲಿಲ್ಲ. ಅಂಗಡೀಲಿ ಇವರು ಮಾಡೋದು ನೋಡಿಲ್ವಾ? ಮೊದಲು ಕೈಗೆ ಎಟುಕದ ಮಖಮಲ್ಲು ಬಿಚ್ಚಿ ಹರಡ್ತಾರೆ. ಆಮೇಲೆ ಯಾವುದನ್ನ ಮುಂದಿಟ್ರೂ ಗಿರಾಕಿ, ಅಬ್ಬಾ ಬಚಾವಾದೆ ಅಂತ ಖುಷಿಯಾಗಿ ತಗೊಂಡು ಹೋಗ್ತಾನೆ.”

ಸಾಹುಕಾರರು ಬಾಗಿಲಲ್ಲೇ ನಿಂತುಬಿಟ್ಟರು. ಹೆಂಡತಿ ತಿರುಗಿ ಅವರನ್ನು ನೋಡಿದರು. ಹಡಗು ಮುದ್ರಿಸಿದ ಬಟ್ಟೆಯ ದೊಡ್ಡ ಸುತ್ತೊಂದನ್ನು ಎತ್ತಿ ಅವರ ಹೆಗಲ ಮೇಲೆ ಸರಿಯಾಗಿ ಕೂರಿಸಿದರು.

“ಬಿಲ್ಲು ಬೇಕೇನ್ರೀ?”